ಪರಮಾಣು ವಿದ್ಯುತ್ ಮತ್ತು ವಿಕಿರಣ: ಆರೋಗ್ಯದ ದೃಷ್ಟಿಯಿಂದ ತಿಳಿದಿರಬೇಕಾದ ವಿಷಯಗಳು

ವಿಕಿರಣವು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ವಾಸನೆಯಾಗಲಿ ರುಚಿಯಾಗಲಿ ಇಲ್ಲ. ಆದುದರಿಂದಲೇ ಅದರ ವಿಷಯದಲ್ಲಿ ಒಂದೆಡೆ ಅತಿಯಾದ ಭೀತಿಯೂ ಮತ್ತೊಂದೆಡೆ ಅಲಕ್ಷ್ಯವೂ ಕಂಡುಬರುತ್ತವೆ. ಮುಂಬಯಿಯ ಉತ್ತರಕ್ಕೆ ತಾರಾಪುರ, ಚೆನ್ನೈಗೆ ಸಮೀಪದ ಕಲ್ಪಾಕ್ಕಂ, ಉತ್ತರ ಪ್ರದೇಶದ ನರೋರಾ, ಕರ್ನಾಟಕದ ಕೈಗಾ ಮುಂತಾದ ಕಡೆಗಳಲ್ಲಿ ಪರಮಾಣು ವಿದ್ಯುತ್ ಸ್ಥಾವರಗಳಿವೆ. ವಿಕಿರಣವು ಆರೋಗ್ಯಕ್ಕೆ ಯಾವ ಪ್ರಮಾಣದಲ್ಲಿ, ಯಾವ ಮಾರ್ಗದಿಂದ ಹಾನಿಯುಂಟುಮಾಡುತ್ತದೆ ಎಂಬುದನ್ನು ನಾಗರಿಕರೆಲ್ಲರೂ ಅರಿತಿರುವುದು ಅಗತ್ಯ.

ವಿಕಿರಣದ ಪ್ರಮಾಣ

ಮಣ್ಣು, ಬಂಡೆ, ಗಾಳಿ, ಆಹಾರ ಹಾಗೂ ಅಂತರಿಕ್ಷದಿಂದ ಬರುವ ನೈಸರ್ಗಿಕ ವಿಕಿರಣಕ್ಕೆ ಮನುಷ್ಯನು ಸದಾ ಒಳಗಾಗಿರುತ್ತಾನೆ. ದೇಹಕ್ಕೆ ತಗುಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯಲಾಗುತ್ತದೆ. ನೈಸರ್ಗಿಕ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಪರಮಾಣು ಸ್ಥಾವರಗಳ ಕಾರಣದಿಂದ ಸಾರ್ವಜನಿಕರಿಗೆ ಇದಲ್ಲದೆ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗುಲಬಾರದೆಂದು, 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯು ಮಿತಿಯನ್ನು ವಿಧಿಸಿದೆ.

ಅಲ್ಪಾವಧಿಯಲ್ಲಿ ಸುಮಾರು 1,000 ಮಿಲಿಸೀವರ್ಟ್‌ಗಿಂತ ಹೆಚ್ಚಿನ ವಿಕಿರಣ ಇಡೀ ದೇಹಕ್ಕೆ ತಗುಲಿದಾಗ ವಾಂತಿ, ನಿಶ್ಶಕ್ತಿ, ರಕ್ತಕಣಗಳ ಇಳಿಕೆ ಮೊದಲಾದ ಲಕ್ಷಣಗಳು ತೋರುತ್ತವೆ. ಪ್ರಮಾಣವು ಇನ್ನೂ ಹೆಚ್ಚಾದರೆ ಅಸ್ಥಿಮಜ್ಜೆ ಮತ್ತು ಕರುಳು ಹಾನಿಗೊಂಡು ಸಾವು ಸಂಭವಿಸಬಹುದು. ಎರಡನೆಯ ಬಗೆಯ ಹಾನಿಯು ನಿಧಾನವಾದುದು. ಜೀವಕೋಶದ ವಂಶವಾಹಿಗಳಿಗೆ ಉಂಟಾದ ಧಕ್ಕೆಯು ಹಲವು ವರ್ಷಗಳ ನಂತರ ಕ್ಯಾನ್ಸರ್ ರೂಪದಲ್ಲಿ ಪ್ರಕಟವಾಗಬಹುದು. ಪ್ರಮಾಣವು ಹೆಚ್ಚಿದಂತೆ ಈ ಸಂಭವವೂ ಹೆಚ್ಚುತ್ತದೆ. 100 ಮಿಲಿಸೀವರ್ಟ್‌ಗಿಂತ ಕಡಿಮೆ ಪ್ರಮಾಣಗಳ ಪರಿಣಾಮವನ್ನು ಜನಸಮುದಾಯದ ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಗುರುತಿಸುವುದು ಕಷ್ಟ. ಆದರೂ ಎಚ್ಚರಿಕೆಯ ದೃಷ್ಟಿಯಿಂದ ಯಾವುದೇ ಪ್ರಮಾಣವನ್ನು ಪೂರ್ಣ ನಿರಪಾಯವೆಂದು ಎಣಿಸಲಾಗುವುದಿಲ್ಲ.

ದೇಹವನ್ನು ಸೇರುವ ಮಾರ್ಗ

ವಿಕಿರಣವು ಹೊರಗಿನಿಂದ ತಗುಲುವುದು ಒಂದು ಬಗೆಯಾದರೆ, ವಿಕಿರಣಶೀಲ ವಸ್ತುವು ಉಸಿರು, ನೀರು ಅಥವಾ ಆಹಾರದ ಮೂಲಕ ದೇಹದೊಳಗೆ ಸೇರುವುದು ಇನ್ನೊಂದು ಬಗೆ. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತು, 50ಕ್ಕೂ ಹೆಚ್ಚು ಉದ್ಯೋಗಿಗಳ ದೇಹವನ್ನು ಸೇರಿತು. ನಿಯತವಾಗಿ ನಡೆಯುವ ಮೂತ್ರಪರೀಕ್ಷೆಯಿಂದ ಇದು ಪತ್ತೆಯಾಯಿತು. ಟ್ರಿಟಿಯಂ ದೇಹದ ನೀರಿನೊಂದಿಗೆ ಹೊರಹೋಗುತ್ತದೆ. ಸ್ಟ್ರಾನ್ಷಿಯಂ-90 ಮೂಳೆಯಲ್ಲಿ ನೆಲೆಸುತ್ತದೆ. ಅಯೋಡಿನ್-131 ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಸಂಚಯವಾಗುತ್ತದೆ.

ಚೆರ್ನೋಬಿಲ್ ಮತ್ತು ಫುಕುಶಿಮಾ

ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರದಲ್ಲಿ 1986ರ ಏಪ್ರಿಲ್ 26ರಂದು ಸಂಭವಿಸಿದ ಅಪಘಾತದಲ್ಲಿ ಸ್ಥಾವರದ ಸಿಬ್ಬಂದಿ ಮತ್ತು ರಕ್ಷಣಾ ಕಾರ್ಯಕರ್ತರ ಪೈಕಿ 134 ಮಂದಿ ತೀವ್ರ ವಿಕಿರಣ ರೋಗಕ್ಕೆ ತುತ್ತಾದರು. ಅವರಲ್ಲಿ 28 ಮಂದಿ ಕೆಲವೇ ತಿಂಗಳುಗಳಲ್ಲಿ ಮೃತಪಟ್ಟರು. ಸುತ್ತಲಿನ ಪ್ರದೇಶದ ಮಕ್ಕಳಿಗಾದರೋ ಅಪಾಯವು ಹಾಲಿನ ರೂಪದಲ್ಲಿ ಬಂದಿತು. ಗಾಳಿಯಲ್ಲಿ ಹರಡಿದ ಅಯೋಡಿನ್-131 ಹುಲ್ಲಿನ ಮೇಲೆ ಬಿದ್ದು, ಹಸುಗಳ ಮೂಲಕ ಹಾಲನ್ನು ಸೇರಿತು. ಮಕ್ಕಳ ಥೈರಾಯ್ಡ್ ಗ್ರಂಥಿಯು ಚಿಕ್ಕದಾದುದರಿಂದ ಅದಕ್ಕೆ ತಗುಲಿದ ವಿಕಿರಣದ ಪ್ರಮಾಣ ಅಧಿಕವಾಯಿತು. ಆಗ ಮಕ್ಕಳು ಹಾಗೂ ಹದಿಹರೆಯದವರಾಗಿದ್ದವರಲ್ಲಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ವರದಿಯಾದವು. ಇವುಗಳಲ್ಲಿ ಗಣನೀಯ ಭಾಗಕ್ಕೆ ಇಂತಹ ಹಾಲಿನ ಸೇವನೆಯೇ ಕಾರಣವೆಂದು ತಿಳಿದುಬಂದಿದೆ. ಇವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯಿಂದ ಬದುಕುಳಿದರು.

ಅಯೋಡಿನ್-131ರ ಅರ್ಧಾಯುಷ್ಯ ಕೇವಲ 8 ದಿನ. ಎಂದರೆ ಪ್ರತಿ 8 ದಿನಕ್ಕೊಮ್ಮೆ ಅದರ ಪ್ರಮಾಣವು ಅರ್ಧಕ್ಕೆ ಇಳಿಯುತ್ತದೆ. 80 ದಿನಗಳಲ್ಲಿ ಸುಮಾರು ಸಾವಿರದಲ್ಲೊಂದು ಭಾಗ ಮಾತ್ರ ಉಳಿಯುತ್ತದೆ. ಕೆಲವು ವಾರಗಳ ಕಾಲ ಆ ಹಾಲನ್ನು ಕೊಡದಿದ್ದಲ್ಲಿ ಹಾನಿಯ ಬಹುಭಾಗವನ್ನು ತಪ್ಪಿಸಬಹುದಾಗಿತ್ತು. ಆದರೆ ಜನರಿಗೆ ಸಕಾಲದಲ್ಲಿ ಮಾಹಿತಿ ದೊರೆಯಲಿಲ್ಲ. ನೆರೆಯ ಪೋಲೆಂಡ್ ದೇಶವು ಕೆಲವೇ ದಿನಗಳಲ್ಲಿ ಸುಮಾರು 1 ಕೋಟಿ ಮಕ್ಕಳಿಗೆ ಅಯೋಡಿನ್ ಔಷಧವನ್ನು ನೀಡಿತು.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಸ್ಥಾವರವು ಸುನಾಮಿಯಿಂದ ಹಾನಿಗೊಂಡಾಗ ಜನರನ್ನು ಸ್ಥಳಾಂತರಿಸಿ, ಕಲುಷಿತ ಹಾಲು ಮತ್ತು ತರಕಾರಿಯ ಮಾರಾಟವನ್ನು ತಡೆಯಲಾಯಿತು. ಅಲ್ಲಿನ ನಿವಾಸಿಗಳಲ್ಲಿ ನೇರವಾಗಿ ವಿಕಿರಣದಿಂದಲೇ ಉಂಟಾದ ಅನಾರೋಗ್ಯವು ದಾಖಲಾಗಿಲ್ಲವೆಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು ತಿಳಿಸಿದೆ. ಆದರೆ ಅವಸರದ ಸ್ಥಳಾಂತರದಲ್ಲಿ ಆಸ್ಪತ್ರೆಗಳಲ್ಲಿದ್ದ ಹಲವು ವೃದ್ಧರು ಸಾವಿಗೀಡಾದರು. ಗಾಬರಿಯೂ ಪ್ರಾಣಹಾನಿಗೆ ಕಾರಣವಾಗಬಲ್ಲದು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

ಸ್ಥಾವರದ ಹೊರಗಿನ ತುರ್ತು ಕಾರ್ಯಾಚರಣೆಯ ಹೊಣೆ ಜಿಲ್ಲಾಡಳಿತದ್ದಾಗಿರುತ್ತದೆ. ಎಚ್ಚರಿಕೆಯ ಪ್ರಕಟಣೆ ಹೊರಟಾಗ:

1. ಮನೆಯೊಳಗೆ ಇದ್ದು, ಕಿಟಕಿ ಬಾಗಿಲುಗಳನ್ನು ಮುಚ್ಚಬೇಕು. ಹೊರಗಿನಿಂದ ಬಂದವರು ಬಟ್ಟೆ ಬದಲಿಸಿ ಸ್ನಾನ ಮಾಡಬೇಕು.

2. ಆಕಾಶವಾಣಿ, ದೂರದರ್ಶನ ಹಾಗೂ ಜಿಲ್ಲಾಡಳಿತದ ಸೂಚನೆಗಳನ್ನು ಆಲಿಸಬೇಕು, ವದಂತಿಗಳನ್ನು ಹರಡಬಾರದು.

3. ಸ್ಥಳೀಯ ಹಾಲು, ಸೊಪ್ಪು, ತರಕಾರಿ ಮತ್ತು ತೆರೆದ ಬಾವಿಯ ನೀರನ್ನು ಅನುಮತಿ ದೊರೆಯುವವರೆಗೆ ಬಳಸಬಾರದು.

4. ಅಯೋಡಿನ್ ಮಾತ್ರೆಯನ್ನು ಅಧಿಕಾರಿಗಳು ಸೂಚಿಸಿದಾಗ ಮಾತ್ರ ಸೇವಿಸಬೇಕು. ಅದು ಥೈರಾಯ್ಡ್ ಗ್ರಂಥಿಯನ್ನು ವಿಕಿರಣಶೀಲ ಅಯೋಡಿನ್‌ನಿಂದ ರಕ್ಷಿಸುತ್ತದೆಯೇ ಹೊರತು ಇತರ ವಿಕಿರಣಗಳನ್ನು ತಡೆಯುವುದಿಲ್ಲ. ಅಯೋಡಿನ್‌ಯುಕ್ತ ಉಪ್ಪು ಅದಕ್ಕೆ ಬದಲಿಯಲ್ಲ. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಅನ್ನು ಕುಡಿಯಲೇಬಾರದು.

ಸ್ಥಾವರಗಳ ಸಮೀಪದಲ್ಲಿ ನಡೆಯುವ ತುರ್ತು ಅಣಕು ಕಾರ್ಯಾಚರಣೆಗಳಲ್ಲಿ ನಿವಾಸಿಗಳು ತಪ್ಪದೆ ಭಾಗವಹಿಸಬೇಕು. ಅನ್ಯ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಸ್ಥಳೀಯ ಭಾಷೆಯಲ್ಲಿ ಹೊರಡುವ ಸೂಚನೆಗಳ ಅರ್ಥವನ್ನು ಮುಂಚಿತವಾಗಿಯೇ ತಿಳಿದುಕೊಂಡು, ಆ ಭಾಷೆ ಬಾರದ ಮನೆಯ ಹಿರಿಯರಿಗೂ ಮಕ್ಕಳಿಗೂ ವಿವರಿಸಿ ಹೇಳುವುದು ಉಚಿತ.