ಅನುಬಂಧ ಓದಿ

ವಿಧಾನಮಂಡಲದ ಅಧಿವೇಶನ ಹತ್ತಿರ ಬಂತೆಂಬುದು ನಮ್ಮ ಕಚೇರಿಗೆ ಪತ್ರಿಕೆಯವರಿಗಿಂತ ಮೊದಲೇ ತಿಳಿಯುತ್ತಿತ್ತು. ಬೆಂಗಳೂರಿನಿಂದ ಇ-ಮೇಲ್ ಬರುತ್ತಿತ್ತು, ಅದರ ಬೆನ್ನಿಗೇ ಫೋನು. "ಮೇಡಂ, ಎಲ್‌ಎಕ್ಯೂ ಬಂದದರಿ. ನಾಳೆ ಹನ್ನೊಂದಕ್ಕ ಉತ್ತರ ಹೋಗಬೇಕಂತ" ಎಂದು ನಮ್ಮ ದ್ವಿತೀಯ ದರ್ಜೆ ಸಹಾಯಕ ಹುಡುಗ ಓಡಿ ಬಂದರೆ, ಅವತ್ತು ಮನೆಗೆ ಹೋಗುವುದು ರಾತ್ರಿಯೇ. ಶಾಸಕರು ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಗೆ ಕಚೇರಿಗಳಲ್ಲಿ ಎಲ್‌ಎಕ್ಯೂ ಎಂದು ಹೆಸರು; ವಿಧಾನ ಪರಿಷತ್ತಿನದಾದರೆ ಎಲ್‌ಸಿಕ್ಯೂ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಗ್ರಾಮೀಣ ಕುಡಿಯುವ ನೀರಿನ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕಿಯಾಗಿ ನಾನು ಸೇವೆಯ ಬಹುಪಾಲನ್ನು ಕಳೆದೆ. ಸಚಿವರು ಸದನದಲ್ಲಿ ಎದ್ದು ನಿಂತು ಓದುವ ಉತ್ತರದ ಅಂಕಿಗಳು ಎಲ್ಲಿಂದ ಹೊರಡುತ್ತವೆ ಎಂಬುದನ್ನು ಹತ್ತಿರದಿಂದ ಕಂಡವಳು.

ಟಿವಿಯಲ್ಲಿ ಸದನವೆಂದರೆ ಬಾವಿಗಿಳಿದ ಸದಸ್ಯರು, ಹರಿದು ತೂರಿದ ಕಾಗದ, ಕಲಾಪ ಮುಂದೂಡಿಕೆ ಇಷ್ಟೇ ಕಾಣುತ್ತದೆ. ಅದನ್ನು ನೋಡಿ ಬೇಸತ್ತವರು ಬಹಳ ಮಂದಿ. ಆದರೆ ಅದೇ ದಿನ, ಅದೇ ಸದನದ ಮೇಜಿನ ಮೇಲೆ, ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ, ನಿಮ್ಮ ರಸ್ತೆಗೆ ಎಷ್ಟು ಹಣ ಬಿಡುಗಡೆಯಾಗಿತ್ತು, ಅದರಲ್ಲಿ ಖರ್ಚಾದದ್ದೆಷ್ಟು ಎಂಬ ಪಟ್ಟಿ ಸಚಿವರ ಸಹಿಯೊಂದಿಗೆ ಬಂದು ಕೂತಿರುತ್ತದೆ. ಅದು ಅಲ್ಲಿರುವುದು ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಸಂಕಟ ಅದು.

ಶಾಸಕರ ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕು. ಉತ್ತರ ಸಾಲದೆನಿಸಿದರೆ ಶಾಸಕರು ಎದ್ದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಚುಕ್ಕೆ ಗುರುತಿಗೆ ಪೈಪೋಟಿ ಹೆಚ್ಚು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗಷ್ಟೇ ಜಾಗ, ಲಿಖಿತ ಉತ್ತರದವು 230. ಅಲ್ಲಿ ಕನಿಷ್ಠ 15 ಪೂರ್ಣ ದಿನ ಮೊದಲೇ ಸೂಚನೆ ಕೊಟ್ಟಿರಬೇಕು. ನಮ್ಮ ವಿಧಾನಮಂಡಲದಲ್ಲೂ ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಬೇಕು. ಇಂಥ ದಿನ ಇಂಥ ಇಲಾಖೆಗಳು ಎಂಬ ಸರದಿಯೂ ಇರುತ್ತದೆ.

ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಪಂಚಾಯಿತಿಗೆ ಇಳಿಯುತ್ತದೆ. ಒಂದೊಂದು ಮೆಟ್ಟಿಲಲ್ಲೂ ಒಂದಿಷ್ಟು ಹೊತ್ತು ಕಳೆದು ಕೊನೆಯ ಮೆಟ್ಟಿಲಿಗೆ ಉಳಿಯುವುದು ಒಂದು ರಾತ್ರಿ. ಮತ್ತೆ ಅದೇ ಮೆಟ್ಟಿಲುಗಳನ್ನು ಹತ್ತಿ ಉತ್ತರ ಸಚಿವರ ಸಹಿಗೆ ಹೋಗಬೇಕು. ಪ್ರಶ್ನೆಗಳ ಅಚ್ಚು ಬಹುತೇಕ ಒಂದೇ. ಎಡಗಡೆ ಕಾಲಂನಲ್ಲಿ ಅ, ಆ, ಇ ಎಂದು ಪ್ರಶ್ನೆ, ಬಲಗಡೆ ಉತ್ತರ. (ಅ) "ಇಂಥ ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದಿದ್ದರೆ ಎದುರಿಗೆ "ಬಂದಿದೆ". (ಆ) "ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?" ಎಂದಿದ್ದರೆ ಎದುರಿಗೆ "ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುತ್ತಿದೆ".

ಇಷ್ಟೇ ಕೇಳಿದರೆ ಇಷ್ಟೇ ಸಿಗುತ್ತದೆ. ಉತ್ತರದಲ್ಲಿ ಸುಳ್ಳಿರುವುದಿಲ್ಲ, ಊರಿಗೆ ಉಪಯೋಗಕ್ಕೆ ಬರುವ ಒಂದಕ್ಷರವೂ ಇರುವುದಿಲ್ಲ.

ಒಮ್ಮೆ ಬಂದ ಪ್ರಶ್ನೆ ಬೇರೆ ಥರದ್ದಾಗಿತ್ತು. ಮೊದಲ ಸಲ ಗೆದ್ದಿದ್ದ ಶಾಸಕರೊಬ್ಬರು ಕೇಳಿದ್ದರು: ನಮ್ಮ ತಾಲ್ಲೂಕಿನಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು, ಅವುಗಳಲ್ಲಿ ಈಗ ಚಾಲನೆಯಲ್ಲಿರುವುವೆಷ್ಟು, ನಿಂತಿರುವುವೆಷ್ಟು, ನಿಲ್ಲಲು ಕಾರಣವೇನು, ನಿರ್ವಹಣೆಗೆ ಯಾರಿಗೆ ಎಷ್ಟು ಹಣ ಪಾವತಿಸಲಾಗಿದೆ, ಗ್ರಾಮವಾರು ವಿವರ ನೀಡುವುದು. ಕೊನೆಯಲ್ಲಿ ಬರುವ ಎರಡು ಪದ ನೋಡಿ: ಗ್ರಾಮವಾರು ವಿವರ. ಇಡೀ ಕಚೇರಿಯನ್ನು ರಾತ್ರಿಯೆಲ್ಲ ಎಚ್ಚರವಿಟ್ಟದ್ದು ಆ ಎರಡು ಪದ. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕೆಲವು ಕಡೆ ಆರ್ಸೆನಿಕ್ ಕೂಡ ಇದೆ. ಇಲ್ಲಿ ಈ ಘಟಕ ನಿಂತರೆ ಜನ ಮತ್ತೆ ಅದೇ ನೀರು ಕುಡಿಯುತ್ತಾರೆ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವಯಸ್ಸಾದವರ ಸೊಂಟ, ಮೊಣಕಾಲು ಹಿಡಿದುಕೊಳ್ಳುತ್ತದೆ.

ನಮ್ಮಲ್ಲಿದ್ದ ಪಟ್ಟಿಯ ಪ್ರಕಾರ ಬಹುತೇಕ ಎಲ್ಲವೂ ಚಾಲನೆಯಲ್ಲಿದ್ದವು. ಕಾರ್ಯಪಾಲಕ ಎಂಜಿನಿಯರ್ ಸಾಹೇಬರು ಒಳ್ಳೆಯವರು. "ಪಟ್ಟಿ ನಂಬಬ್ಯಾಡ್ರಿ, ಊರಿಗೇ ಫೋನ್ ಹಚ್ಚ್ರಿ" ಎಂದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಲ್ಲಿ (ಪಿಡಿಒ) ಅರ್ಧಕ್ಕರ್ಧ ಫೋನ್ ಎತ್ತಲಿಲ್ಲ. ಆಗ ಊರಿಗೆ ನೀರು ಬಿಡುವ ನೀರಗಂಟಿಗಳ ನಂಬರು ಹುಡುಕಿ ತೆಗೆದೆವು. ಒಬ್ಬ ನೀರಗಂಟಿ ನಿದ್ದೆಗಣ್ಣಿನಲ್ಲೇ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮಷೀನ್ ಐತ್ರಿ ಅಕ್ಕಾರ, ನೀರು ಬರಂಗಿಲ್ಲ. ನಿಂತು ಎರಡು ಬ್ಯಾಸಿಗಿ ಆತು." ಒಂದು ಊರಲ್ಲಿ ಕರೆಂಟ್ ಬಿಲ್ ಕಟ್ಟಿರಲಿಲ್ಲ. ಇನ್ನೊಂದರಲ್ಲಿ ಮೆಂಬ್ರೇನ್ ಬದಲಿಸಿರಲಿಲ್ಲ. ಮತ್ತೊಂದರಲ್ಲಿ ಬೋರ್‌ವೆಲ್ಲೇ ಬತ್ತಿತ್ತು. ಮಗದೊಂದರಲ್ಲಿ ಗುತ್ತಿಗೆದಾರ ಪಂಚಾಯಿತಿಗೆ ಘಟಕವನ್ನು ಹಸ್ತಾಂತರಿಸಿರಲಿಲ್ಲ. ಹಾಗಾಗಿ ಅದು ಯಾರದೂ ಆಗಿರಲಿಲ್ಲ. ಬೆಳಗಿನ ಜಾವ, ಉತ್ತರಕ್ಕೆ ಲಗತ್ತಿಸುವ ಪಟ್ಟಿ, ಅಂದರೆ ಅನುಬಂಧ ಸಿದ್ಧವಾದಾಗ "ಸ್ಥಗಿತಗೊಂಡಿರುವ ಘಟಕಗಳು" ಎಂಬ ಕಾಲಂ ಹಿಂದಿನ ಪಟ್ಟಿಯಲ್ಲಿದ್ದದ್ದಕ್ಕಿಂತ ಬಹಳ ಉದ್ದವಾಗಿತ್ತು.

ಆ ಅನುಬಂಧ ಸದನದ ದಾಖಲೆಯಾಯಿತು. ಆಮೇಲೆ ನಡೆದದ್ದು ದೊಡ್ಡ ಕ್ರಾಂತಿಯೇನಲ್ಲ. ಮುಂದಿನ ಬೇಸಿಗೆಯೊಳಗೆ ಕೆಲವು ಘಟಕ ರಿಪೇರಿಯಾದವು, ಕೆಲವು ಆಗಲಿಲ್ಲ. ಆದರೆ ಅಲ್ಲಿಂದಾಚೆಗೆ "ಎಲ್ಲ ಚಾಲನೆಯಲ್ಲಿವೆ" ಎಂದು ಬರೆಯಲು ಯಾವ ಅಧಿಕಾರಿಗೂ ದಾರಿ ಉಳಿಯಲಿಲ್ಲ. ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ ಆಗುತ್ತದೆಂಬ ಭಯ ಸರ್ಕಾರಿ ಕಚೇರಿಯಲ್ಲಿ ಈಗಲೂ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನ ತೆಗೆದುಕೊಳ್ಳುವ ಕಚೇರಿ ಶಾಸಕರ ಪ್ರಶ್ನೆಗೆ ಒಂದೇ ರಾತ್ರಿ ಕೂತು ಉತ್ತರಿಸುತ್ತದೆ.

ಹಣದ ಪ್ರಶ್ನೆಯನ್ನು ಇನ್ನೂ ಹುಷಾರಾಗಿ ಕೇಳಬೇಕು. ಆಯವ್ಯಯದಲ್ಲಿ ಹಂಚಿಕೆಯಾದ ಹಣ ಬೇರೆ, ಬಿಡುಗಡೆಯಾದ ಹಣ ಬೇರೆ, ಖರ್ಚಾದ ಹಣ ಬೇರೆ. ಬಜೆಟ್ ಭಾಷಣದಲ್ಲಿ ನಾವು ಕೇಳುವುದು ಮೊದಲನೆಯದನ್ನು. ಅದು ಕಂತು ಕಂತಾಗಿ ಬಿಡುಗಡೆಯಾಗುತ್ತದೆ. ಕೊನೆಯ ಕಂತು ಎಷ್ಟೋ ಸಲ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಆಡಳಿತಾತ್ಮಕ ಅನುಮೋದನೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇಷ್ಟನ್ನೂ ಮುಗಿಸಿ ಮಾರ್ಚ್ 31ರೊಳಗೆ ಖರ್ಚು ತೋರಿಸುವುದು ಸಾಧ್ಯವೇ? ಆಗ ಹಣವನ್ನು ಕಾಮಗಾರಿ ನಡೆಸುವ ಸಂಸ್ಥೆಯ ಖಾತೆಗೋ ವೈಯಕ್ತಿಕ ಠೇವಣಿ (ಪಿ.ಡಿ.) ಖಾತೆಗೋ ವರ್ಗಾಯಿಸುತ್ತಾರೆ. ಖಜಾನೆಯಿಂದ ಹೊರಬಿತ್ತಲ್ಲ, ಲೆಕ್ಕದಲ್ಲಿ ಅದು ವೆಚ್ಚ. ಊರಿನಲ್ಲಿ ಮಾತ್ರ ಒಂದು ಬುಟ್ಟಿ ಜಲ್ಲಿಯೂ ಬಿದ್ದಿರುವುದಿಲ್ಲ. ಹೀಗೆ ಖಾತೆಗಳಲ್ಲಿ ಕೊಳೆಯುವ ಹಣದ ಬಗ್ಗೆ ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಎತ್ತಿ ಹೇಳಿವೆ. ಆ ವರದಿಗಳನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ರೂಢಿಯೂ ಇದೆ.

ಆದ್ದರಿಂದ ಜಾಣ ಶಾಸಕರು "ಎಷ್ಟು ವೆಚ್ಚವಾಗಿದೆ" ಎಂದಷ್ಟೇ ಕೇಳಿ ಕೂರುವುದಿಲ್ಲ. ಎಷ್ಟು ಕಾಮಗಾರಿ ಪೂರ್ಣಗೊಂಡಿವೆ, ಎಷ್ಟು ಪ್ರಗತಿಯಲ್ಲಿವೆ, ಎಷ್ಟು ಶುರುವೇ ಆಗಿಲ್ಲ, ಬಳಕೆ ಪ್ರಮಾಣಪತ್ರ ಬಂದಿದೆಯೇ ಎಂದು ಜೊತೆಗೇ ಕೇಳುತ್ತಾರೆ. ಚುಕ್ಕೆ ಗುರುತಿನದಾದರೆ ಉಪಪ್ರಶ್ನೆಯಲ್ಲಿ ಪಟ್ಟು ಹಿಡಿಯುತ್ತಾರೆ: "ಮಾನ್ಯ ಸಭಾಧ್ಯಕ್ಷರೇ, ಶೇಕಡಾ ತೊಂಬತ್ತು ಖರ್ಚಾಗಿದೆ ಅಂತಾರೆ. ಅನುಬಂಧದಲ್ಲಿ ಅರ್ಧ ಕಾಮಗಾರಿ ಟೆಂಡರ್ ಹಂತದಲ್ಲಿದೆ ಅಂತ ಅವರೇ ಬರೆದಿದ್ದಾರೆ. ಹಣ ಎಲ್ಲಿದೆ?" ಇಂಥ ಉಪಪ್ರಶ್ನೆ ಬರಬಹುದೆಂದು ನಾವು ಟಿಪ್ಪಣಿ ಬರೆದು ಕಳಿಸುತ್ತಿದ್ದೆವು, ಸಚಿವರ ಕಡತದಲ್ಲಿ ಉತ್ತರಕ್ಕಿಂತ ಆ ಪೂರಕ ಟಿಪ್ಪಣಿಯೇ ದಪ್ಪ. ಕೇಳುವವರು ಅನುಬಂಧ ಓದಿಕೊಂಡು ಬಂದಿದ್ದಾರೋ ಇಲ್ಲವೋ ಎಂಬುದು ಮೊದಲ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ದೇಶದ ಹಳೆಯ ಉದಾಹರಣೆ ಇದೆ. ಜೀವ ವಿಮಾ ನಿಗಮ ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರು ಕೊಂಡದ್ದರ ಬಗ್ಗೆ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಸಂಸದ ಫಿರೋಜ್ ಗಾಂಧಿ ಅದನ್ನು ಬಿಡದೆ ಬೆನ್ನು ಹತ್ತಿದರು, ಛಾಗ್ಲಾ ಆಯೋಗ ವಿಚಾರಣೆ ನಡೆಸಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆಯನ್ನು ಮಾರಿಕೊಂಡವರೂ ಇದ್ದಾರೆ. ಪ್ರಶ್ನೆ ಕೇಳಲು ಹಣ ಪಡೆದದ್ದಕ್ಕೆ 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಸಂಸತ್ತಿನಿಂದ ಹೊರಹಾಕಲಾಯಿತು. ಆ ಶಿಕ್ಷೆ ಸರಿಯಾಗಿಯೇ ಇತ್ತು.

ನಮ್ಮ ನಾಡಿನಲ್ಲಿ ಊರಿನ ಕೆರೆ, ರಸ್ತೆಯ ದೂರನ್ನು ಆಳುವವರ ಮುಂದೆ ಇಡುವ ಪದ್ಧತಿ ಇವತ್ತಿನದಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ದಸರಾ ಹೊತ್ತಿಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಪ್ರತಿನಿಧಿಗಳು 144 ಮಂದಿ. ದಿವಾನರು ಸಂಸ್ಥಾನದ ಆದಾಯ–ವೆಚ್ಚ ಓದಿ ಹೇಳುತ್ತಿದ್ದರು, ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಅದು ಅಹವಾಲು, ಉತ್ತರ ಕೊಡಲೇಬೇಕೆಂಬ ಕಟ್ಟು ದಿವಾನರಿಗೆ ಇರಲಿಲ್ಲ. ಇಂದಿನ ಸಚಿವರಿಗೆ ಆ ಕಟ್ಟು ಇದೆ.

ನಮ್ಮ ಭಾಗದವರಿಗಂತೂ ಈ ಕಟ್ಟು ದೊಡ್ಡ ಆಸರೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿತು. ತಾಲ್ಲೂಕನ್ನೇ ಅಳತೆಗೋಲಾಗಿ ತೆಗೆದುಕೊಂಡದ್ದು ಆ ವರದಿಯ ದೊಡ್ಡತನ. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುತ್ತಿದ್ದ ಊರುಗಳು ಅದರಿಂದ ಹೊರಗೆ ಕಂಡವು. ಶಾಸಕರು ಇಂದಿಗೂ ಪ್ರಶ್ನೆಯಲ್ಲಿ "ನಂಜುಂಡಪ್ಪ ವರದಿಯನ್ವಯ" ಎಂದು ಬರೆಯುತ್ತಾರೆ. ಆಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು. ನಮ್ಮ ಪ್ರದೇಶದ ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದೆ ಇಡಬೇಕೆಂಬ ಮಾತು ಆ ವಿಧಿಯಲ್ಲೇ ಇದೆ. ಕೋಟಿಗಟ್ಟಲೆ ಅನುದಾನ ಘೋಷಣೆಯಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ವರದಿ ಮಂಡನೆಯಾದ ದಿನ ಅದನ್ನು ಬಿಚ್ಚಿ ಓದಿ ಪ್ರಶ್ನೆ ಕೇಳುವವರು ನಮಗೆ ಹೆಚ್ಚು ಬೇಕು.

ಉತ್ತರ ಸಿಕ್ಕ ಮೇಲೂ ಒಂದು ಹಾದಿಯಿದೆ, ಅದು ಬಹಳ ಜನಕ್ಕೆ ತಿಳಿಯದು. ಸಚಿವರು ಸದನದಲ್ಲಿ "ಮೂರು ತಿಂಗಳಲ್ಲಿ ಸರಿಪಡಿಸುತ್ತೇವೆ" ಎಂದರೆ ಅದು ಗಾಳಿಗೆ ಹೋಗುವುದಿಲ್ಲ. ಸರ್ಕಾರಿ ಭರವಸೆಗಳ ಸಮಿತಿ ಅದನ್ನು ಎತ್ತಿಕೊಂಡು, ಈಡೇರಿತೇ ಎಂದು ಇಲಾಖೆಯನ್ನು ಕೇಳುತ್ತದೆ. ಲೋಕಸಭೆಯಲ್ಲಿ ಇಂಥ ಸಮಿತಿ 1953ರಿಂದಲೂ ಇದೆ. ನಮ್ಮ ಕಚೇರಿಗೆ ಹಳೆಯ ಭರವಸೆಯ ಬಗ್ಗೆ ಜ್ಞಾಪನಪತ್ರ ಬಂದಾಗ, ಧೂಳು ಹಿಡಿದ ಕಡತ ಮತ್ತೆ ಮೇಜಿಗೆ ಬರುತ್ತಿತ್ತು.

ಇಷ್ಟೆಲ್ಲ ಇದ್ದರೂ ಸದನ ನಡೆಯದಿದ್ದರೆ ಪ್ರಶ್ನೆ ಎಲ್ಲಿ ಕೇಳುವುದು? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕ 2005ರಲ್ಲಿ ಕಾನೂನನ್ನೇ ಮಾಡಿಕೊಂಡಿದೆ. ಬಹುಪಾಲು ವರ್ಷಗಳಲ್ಲಿ ಅಷ್ಟು ದಿನ ಸದನ ಸೇರಿಲ್ಲ. ಸೇರಿದ ದಿನಗಳಲ್ಲೂ ಗದ್ದಲಕ್ಕೆ ಮೊದಲು ಬಲಿಯಾಗುವುದು ಪ್ರಶ್ನೋತ್ತರದ ಹೊತ್ತು. ಉತ್ತರ ಕರ್ನಾಟಕದ ಮಾತು ಕೇಳಲೆಂದೇ ಕಟ್ಟಿದ ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯ ಅಧಿವೇಶನದ ಕೆಲವೇ ದಿನಗಳಲ್ಲಿ ಒಂದು ದಿನ ಗದ್ದಲದಲ್ಲಿ ಹೋದರೂ ಉತ್ತರಿಸಬೇಕಿದ್ದ ಸಚಿವರು ಕುಳಿತಲ್ಲೇ ಪಾರಾಗುತ್ತಾರೆ. ಪ್ರಶ್ನೆ ಕೇಳಬೇಕಾದ ಶಾಸಕರೇ ಬಾವಿಗಿಳಿದು ಅವರನ್ನು ಪಾರು ಮಾಡುವುದನ್ನು ಕಂಡಾಗ ಒಂದು ಇಡೀ ಜಿಲ್ಲೆಯ ಸಿಬ್ಬಂದಿಯ ನಿದ್ದೆಗೆಟ್ಟ ರಾತ್ರಿ ನನಗೆ ನೆನಪಾಗುತ್ತದೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ಸದನದ ಪ್ರಶ್ನೆಗಳೂ ಉತ್ತರಗಳೂ ವಿಧಾನಮಂಡಲದ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ. ನಿಮ್ಮ ಶಾಸಕರು ಕಳೆದ ಅಧಿವೇಶನದಲ್ಲಿ ಏನು ಕೇಳಿದರು ಎಂದು ಹುಡುಕಿ, ಅನುಬಂಧ ತೆರೆದು ನಿಮ್ಮ ಊರಿನ ಸಾಲು ನೋಡಿ. ಅದರಲ್ಲಿ "ಪೂರ್ಣಗೊಂಡಿದೆ" ಎಂದು ಬರೆದಿರುವ ಕೆಲಸ ಊರಿನಲ್ಲಿ ಇಲ್ಲವಾದರೆ, ಪ್ರಶ್ನೆಯ ಸಂಖ್ಯೆ, ದಿನಾಂಕ ಸಮೇತ ಒಂದು ಹಾಳೆಯಲ್ಲಿ ಬರೆದು ಶಾಸಕರ ಕೈಗೆ ಕೊಡಿ. ಅವರು ಏನೂ ಕೇಳಿಲ್ಲವಾದರೆ ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಯಾವ ವರ್ಷ, ಯಾವ ಯೋಜನೆ, ಬಿಡುಗಡೆ ಎಷ್ಟು, ಖರ್ಚೆಷ್ಟು, ಮುಗಿದ ಕೆಲಸವೆಷ್ಟು ಎಂದು ಬಿಡಿಬಿಡಿಯಾಗಿ ಕೇಳಿರಲಿ. ಕೊನೆಯಲ್ಲಿ "ಗ್ರಾಮವಾರು ವಿವರ ನೀಡುವುದು" ಎಂದು ಸೇರಿಸುವುದನ್ನು ಮರೆಯಬೇಡಿ.