ಆಟದ ನಿಯಮವೂ ಆಟದ ಅರ್ಥವೂ

ಕಥೆಯು ಮಾತಿನಿಂದಲೂ ಚಿತ್ರವು ರೇಖೆ ಬಣ್ಣಗಳಿಂದಲೂ ಅರ್ಥವನ್ನು ತಿಳಿಸುತ್ತವೆ. ಆಟವು ಯಾವುದರಿಂದ ತಿಳಿಸುತ್ತದೆ? ತನ್ನ ನಿಯಮಗಳಿಂದ ಎಂಬುದೇ ಇದಕ್ಕೆ ಉತ್ತರ. ವಿಡಿಯೋ ಗೇಮ್ ಎಂದರೆ ಬರಿಯ ಕಾಲಹರಣವೆಂದು ಭಾವಿಸುವವರು ಈ ಮಾತನ್ನು ಕೊಂಚ ವಿಚಾರಿಸಿ ನೋಡಬೇಕು.

ಈ ತತ್ತ್ವವು ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರ ಪರಮಪದ ಸೋಪಾನದ ಪಟದಲ್ಲಿ ಏಣಿಗಳು ಪುಣ್ಯವನ್ನೂ ಹಾವುಗಳು ಪಾಪವನ್ನೂ ಸೂಚಿಸುತ್ತವೆ. ಉಪದೇಶದ ಒಂದು ಮಾತೂ ಇಲ್ಲದೆ, ಏರುವ ಇಳಿಯುವ ಕಾಯಿಯೇ ಮಗುವಿಗೆ ಪಾಠ ಹೇಳುತ್ತದೆ. ಆದರೆ ಅಲ್ಲಿ ನಿರ್ಧರಿಸುವುದು ದಾಳ. ವಿಡಿಯೋ ಗೇಮಿನಲ್ಲಾದರೋ ಅನೇಕ ವೇಳೆ ಆಡುವವನೇ ನಿರ್ಧರಿಸಬೇಕು. ಫಲವನ್ನೂ ಅವನೇ ಉಣ್ಣಬೇಕು.

ಉರುಗ್ವೆ ದೇಶದ ಗೊಂಜಾಲೊ ಫ್ರಾಸ್ಕಾ ಮತ್ತು ಸಂಗಡಿಗರು 2003ರಲ್ಲಿ 'ಸೆಪ್ಟೆಂಬರ್ 12' ಎಂಬ ಸಣ್ಣ ಆಟವೊಂದನ್ನು ರಚಿಸಿದರು. ಒಂದು ಊರು, ಅದರ ಬೀದಿಗಳಲ್ಲಿ ಸಾಮಾನ್ಯ ಜನರ ನಡುವೆ ಕೆಲವರು ಭಯೋತ್ಪಾದಕರು. ಆಡುವವನ ಕೈಯಲ್ಲಿರುವುದು ಕ್ಷಿಪಣಿಯೊಂದೇ. ಅದು ಗುರಿ ಮುಟ್ಟಲು ತುಸು ಹೊತ್ತು ಬೇಕು. ಅಷ್ಟರಲ್ಲಿ ದಾರಿಹೋಕರೂ ಸಾಯುತ್ತಾರೆ. ಸತ್ತವರಿಗಾಗಿ ಅಳುವವರಲ್ಲಿ ಕೆಲವರು ಭಯೋತ್ಪಾದಕರಾಗುತ್ತಾರೆ. ಹೊಡೆದಷ್ಟೂ ಶತ್ರುಗಳು ಹೆಚ್ಚುವರು. ಗೆಲುವೆಂಬುದೇ ಇಲ್ಲ. ಇಡಿಯ ವಾದವು ಈ ನಿಯಮದಲ್ಲಿಯೇ ಅಡಗಿದೆ. ಇಯಾನ್ ಬೋಗೊಸ್ಟ್ ಎಂಬ ಅಮೆರಿಕದ ವಿದ್ವಾಂಸರು 2007ರ ತಮ್ಮ ಗ್ರಂಥದಲ್ಲಿ ಇಂತಹ ವಾದಸರಣಿಯನ್ನು ವಿವರವಾಗಿ ಚರ್ಚಿಸಿದ್ದಾರೆ.

ಲ್ಯೂಕಸ್ ಪೋಪ್ ಅವರ 'ಪೇಪರ್ಸ್, ಪ್ಲೀಸ್' 2013ರಲ್ಲಿ ಪ್ರಕಟವಾಯಿತು. ಕಾಲ 1982, ಅರ್‌ಸ್ಟೊಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿ. ನಾವು ಅಲ್ಲಿ ಬಂದವರ ಕಾಗದಪತ್ರ ನೋಡಿ ಮೊಹರು ಒತ್ತುವ ನೌಕರರು. ಪರೀಕ್ಷಿಸಿದ ಜನರ ಲೆಕ್ಕದಲ್ಲಿ ಸಂಬಳ. ದಿನದ ಮೊದಲೆರಡು ತಪ್ಪುಗಳಿಗೆ ಎಚ್ಚರಿಕೆ, ಅನಂತರ ದಂಡ. ಸಂಜೆಗೆ ಬಾಡಿಗೆ, ಅನ್ನ, ಚಳಿಗೆ ಶಾಖ, ಇವೆಲ್ಲವೂ ಆ ಹಣದಲ್ಲಿಯೇ ಆಗಬೇಕು. ಒಮ್ಮೆ ಗಂಡನ ಕಾಗದಗಳು ಸರಿಯಾಗಿರುತ್ತವೆ. ಹಿಂದೆ ಬಂದ ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಬಿಡುವುದೋ, ತಡೆಯುವುದೋ? ಸರತಿ ಸಾಲು ಕಾಯುತ್ತಿದೆ, ಹೊತ್ತು ಕಳೆಯುತ್ತಿದೆ. ನೌಕರನು ಕ್ರೂರಿಯೆಂದು ಆಟವು ಎಲ್ಲಿಯೂ ಹೇಳುವುದಿಲ್ಲ. ಅವಸರವೂ ದಂಡದ ಭಯವೂ ಸೇರಿ ಸಾಧುವಾದವನ ಕೈಯನ್ನು ಹೇಗೆ ಕಲ್ಲಾಗಿಸುತ್ತವೆ ಎಂಬುದನ್ನು ನಮ್ಮ ಕೈಯಿಂದಲೇ ಮಾಡಿಸಿ ತೋರಿಸುತ್ತದೆ.

ಇದು ನಮಗೆ ದೂರದ ಮಾತಲ್ಲ. ನಮ್ಮಲ್ಲಿ ಅನೇಕರ ತಂದೆತಾಯಿಗಳು ಕಚೇರಿಯ ಮೇಜಿನ ಹೊರಗಡೆ ಅರ್ಜಿ ಹಿಡಿದು ನಿಂತವರು. ಪದವಿಯ ತರುವಾಯ ನಾವು ಮೇಜಿನ ಒಳಗಡೆ ಕುಳಿತೇವು. ಆಗ ನಿಯಮವನ್ನು ಪಾಲಿಸುವುದು ನಮ್ಮ ಕರ್ತವ್ಯವೇ ಸರಿ. ಆದರೆ ಆ ನಿಯಮವು ಯಾರನ್ನು ಮೇಲಕ್ಕೆತ್ತುತ್ತದೆ, ಯಾರನ್ನು ಹಿಂದಕ್ಕೆ ಕಳುಹಿಸುತ್ತದೆ, ನಮ್ಮನ್ನು ಎಂಥವರನ್ನಾಗಿ ಮಾಡುತ್ತದೆ ಎಂದು ಕೇಳಿಕೊಳ್ಳುವುದೂ ಕರ್ತವ್ಯವೇ. ಆ ಪ್ರಶ್ನೆಯನ್ನು ಕಲಿಸುವ ಆಟವನ್ನು ಕಾಲಹರಣವೆನ್ನಲಾದೀತೆ?