ಕವಡೆ ಯಾರ ಕೈಯಲ್ಲಿರಬೇಕು?

ಮಧುರವಾಡದ ಕನ್ನಡ ಮನೆಗಳ ಚೌಕಾಬಾರವೇ ನೆರೆಯ ತೆಲುಗರ ಅಷ್ಟಾ ಚಮ್ಮ. 4 ಬಿದ್ದರೆ ನಮಗೆ ಚೌಕ, ಅವರಿಗೆ ಚಮ್ಮ. 8 ಬಿದ್ದರೆ ನಮಗೆ ಬಾರ, ಅವರಿಗೆ ಅಷ್ಟ.

ಆಟ ಬೇಗ ಸಾಗಲೆಂದು ಹಿರಿಯರು ಮಗುವಿನ ಸರದಿಯಲ್ಲೂ ತಾವೇ ಕವಡೆ ಹಾಕುವುದುಂಟು. ಇದು ತರವಲ್ಲ. ತನ್ನ ಕೈಯ ಕವಡೆ ಕೈಕೊಟ್ಟರೆ ಮಗು ಮತ್ತೆ ಆಡಲು ಕೂಡುತ್ತದೆ. ಪರರ ಕೈಯಿಂದ ಸೋತರೆ ಮೋಸವೆಂದು ಮುನಿಯುತ್ತದೆ. ಮಹಾಭಾರತದಲ್ಲಿ ದುರ್ಯೋಧನನು ಪಣವಿಟ್ಟು ಶಕುನಿಯಿಂದ ದಾಳ ಹಾಕಿಸಿದಾಗ, ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಯನೂ ಆಕ್ಷೇಪಿಸಿದನಷ್ಟೆ!

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದು ಕಥೆ ಕಟ್ಟುತ್ತ ಆಡುವ ಆಟ. ಅದರ ಕಾಳಗದಲ್ಲಿ ರಾಕ್ಷಸನ ಪರವಾಗಿ ದಾಳ ಹಾಕುವವನು ಕಥೆ ನಡೆಸುವವನು. 2004ರಲ್ಲಿ ಬಂದ ಅದರದೇ ಒಂದು ನಿಯಮಪುಸ್ತಕವು ಬೇರೆ ದಾರಿಯನ್ನೂ ತೋರಿಸಿತು: ರಾಕ್ಷಸನು ಎರಗಿದಾಗಲೂ ತಪ್ಪಿಸಿಕೊಳ್ಳುವ ದಾಳವನ್ನು ಆಟಗಾರನೇ ಹಾಕಲಿ. ಆಗ ಅವನು ಏಟಿಗಾಗಿ ಸುಮ್ಮನೆ ಕಾಯುವುದಿಲ್ಲ. ತನ್ನ ರಕ್ಷಣೆಯ ಭಾರವನ್ನು ತಾನೇ ಹೊರುತ್ತಾನೆ.

ನಮ್ಮ ಮಕ್ಕಳಿಗೂ ಆ ಭಾರ ಬೇಕು. ಮುಂದಿನ ರಜೆಯಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆದಾಗ ಕವಡೆಯನ್ನು ಪುಟ್ಟ ಕೈಗೇ ಕೊಡಿ. ಬಿದ್ದದ್ದನ್ನು ಅದೇ ಎಣಿಸಲಿ, ಕನ್ನಡದಲ್ಲಿ, ಗಟ್ಟಿಯಾಗಿ.